ಕಡೆಯ ಸುತ್ತಿನವಳ ಕೆಂಡ

ನಮ್ಮೂರಿನಲ್ಲಿ ಯಾರೂ ನಿಲ್ಲುವುದಿಲ್ಲ. ನಿಲ್ಲಬಾರದು ಅಂತ ಯಾರೋ ಕಟ್ಟಳೆ ಮಾಡಿದ್ದಾರೆ ಅಂದುಕೊಳ್ಳಬೇಡಿ. ನಿಲ್ಲೋಕೆ ಆಗುವುದಿಲ್ಲ, ಅಷ್ಟೆ. ಊರಿನ ನಡುವೆ ಒಂದು ಒಲೆ ಇದೆ. ಅದನ್ನು ಯಾರು ಹೂಡಿದರು, ಯಾರು ಹಚ್ಚಿದರು ಅಂತ ಕೇಳಿದರೆ ಎಲ್ಲರೂ ಬೇರೆ ಕಡೆ ನೋಡುತ್ತಾರೆ. ಆ ಒಲೆಯ ಸುತ್ತ ನಾವು ನಡೆಯುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಹಾದಿ. ಒಳಗಿನ ಹಾದಿಯವರು ಬೆವರು ಸುರಿಸುತ್ತಾ ಓಡೋಡಿ ಸುತ್ತುತ್ತಾರೆ. ಹೊರಗಿನ ಹಾದಿಯವರು ಚಳಿಗೆ ಮುದುಡಿಕೊಂಡು ನಿಧಾನಕ್ಕೆ ಸುತ್ತುತ್ತೇವೆ. ಒಲೆಯ ಹತ್ತಿರ ಹೋಗೋಣ ಅಂದರೆ ಕಾಲು ಕೇಳುವುದಿಲ್ಲ. ಒಲೆಯನ್ನು ಬಿಟ್ಟು ಹೋಗೋಣ ಅಂದರೂ ಕೇಳುವುದಿಲ್ಲ. ವಯಸ್ಸಿದ್ದಾಗ ನಾನು ಎರಡನ್ನೂ ಮಾಡಿ ನೋಡಿದವಳೇ.

ನನ್ನದು ಎಂಟನೆಯ ಸುತ್ತು. ಬೇರೆ ಹೆಸರಿಲ್ಲ, ನಮ್ಮಲ್ಲಿ ಸುತ್ತೇ ಹೆಸರು. ಒಲೆಯ ಪಕ್ಕದಲ್ಲಿ ಕೂಗುವಯ್ಯ ಅಂತ ಒಬ್ಬ ಇದ್ದಾನೆ. ಅವನ ಪಕ್ಕದಲ್ಲಿ ಬಿದಿರಿನ ಕೊಳವೆಯೊಂದನ್ನು ಕಣ್ಣಿಗೆ ಹಿಡಿದುಕೊಂಡು ಅಳತೆಯಯ್ಯ. ಇಡೀ ಊರಿನಲ್ಲಿ ಕೂತವರು ಇವರಿಬ್ಬರೇ. ನಡೆಯುವವರ ವಿಷಯವೆಲ್ಲ ಅವರಿಗೇ ಹೆಚ್ಚು ಗೊತ್ತು, ಇರಲಿ ಬಿಡಿ. ಹೊತ್ತುಹೊತ್ತಿಗೆ ಕೂಗುವಯ್ಯ ಎದ್ದು ನಿಂತು ಕರೆಯುತ್ತಾನೆ. "ಒಂದನೆಯ ಸುತ್ತೂ" ಅಂದರೆ ಒಂದನೆಯವನು ಓಡುತ್ತಲೇ "ಓ" ಅನ್ನಬೇಕು. "ಎರಡನೆಯ ಸುತ್ತೂ" ಅಂದರೆ ಎರಡನೆಯವಳು. ಓ ಅಂದವರ ಪಾಲಿಗೆ ಒಂದು ಮಡಕೆ ಕೆಂಡ. ಮಡಕೆಗಳು ಕೈಯಿಂದ ಕೈಗೆ, ಹಾದಿಯಿಂದ ಹಾದಿಗೆ ದಾಟಿ ಹೊರಕ್ಕೆ ಬರುತ್ತವೆ. ನನ್ನ ಕೈಗೆ ಸಿಗುವ ಹೊತ್ತಿಗೆ ಅರ್ಧಕ್ಕರ್ಧ ಬೂದಿ. ಆದರೂ ಬೂದಿಯ ಅಡಿಯಲ್ಲಿ ಕೆಂಡ ಬದುಕಿರುತ್ತದೆ. ಕೆದಕದೆ, ಎದೆಗೆ ಅವುಚಿಕೊಂಡು ನಡೆದರೆ ಮುಂದಿನ ಕರೆಯವರೆಗೆ ಜೀವ ಹಿಡಿದುಕೊಳ್ಳಬಹುದು.

ಕರೆಯದೆ ಬಿಟ್ಟವರಿಗೆ ಮಡಕೆ ಇಲ್ಲ. ಮಡಕೆ ಇಲ್ಲದವರು ಸಾಯುವುದೂ ಇಲ್ಲ. ಮೊದಲು ಬೆರಳು ತಣ್ಣಗಾಗುತ್ತದೆ, ಆಮೇಲೆ ಮಾತು ನಿಲ್ಲುತ್ತದೆ, ಆಮೇಲೆ ಯಾರ ಮುಖವೂ ನೆನಪಿರುವುದಿಲ್ಲ. ಕಾಲು ಮಾತ್ರ ನಡೆಯುತ್ತಲೇ ಇರುತ್ತದೆ. ನಾಲ್ಕನೆಯ ಸುತ್ತಿಗೂ ಐದನೆಯ ಸುತ್ತಿಗೂ ನಡುವೆ ಅಂಥವಳೊಬ್ಬಳಿದ್ದಾಳೆ. ಒಂದು ಕಾಲದಲ್ಲಿ ಅವಳನ್ನೂ ಕೂಗುತ್ತಿದ್ದರಂತೆ. ಅವಳ ಹಾದಿಯಲ್ಲಿ ಅವಳಂಥವರೇ ಬಹಳ ಜನ ಸಿಕ್ಕರು ಅಂತ ಕೂಗುವುದನ್ನು ಬಿಟ್ಟರಂತೆ. ಐದನೆಯ ಸುತ್ತಿನ ದೊಡ್ಡಯ್ಯ ಅವಳ ಪಕ್ಕದಲ್ಲೇ ಹಾದುಹೋಗುತ್ತಾನೆ. ಅವಳು ತಿರುಗಿಯೂ ನೋಡುವುದಿಲ್ಲ.

ನನ್ನ ಆಚೆಗಿರುವುದು ಒಂಬತ್ತನೆಯ ಸುತ್ತು, ಅದೇ ಕಡೆಯದು. ಆ ಹಾದಿಯವಳು ಸಣ್ಣ ಮೈಕಟ್ಟಿನ ಹುಡುಗಿ. ಅವಳ ಹಾದಿ ನಮ್ಮೆಲ್ಲರ ಹಾದಿಯ ಹಾಗೆ ನೆಟ್ಟಗಿಲ್ಲ. ಓರೆಯಾಗಿ, ಉದ್ದಕ್ಕೆ ಎಳೆದುಕೊಂಡು ಕತ್ತಲಿನೊಳಗೆ ಬಹುದೂರ ಹೋಗುತ್ತದೆ. ಅಲ್ಲಿಂದ ತಿರುಗಿ ಬಂದು ನನ್ನ ಹಾದಿಯನ್ನು ದಾಟಿ, ಸ್ವಲ್ಪ ಕಾಲ ನನಗಿಂತ ಒಳಗೇ ಸಾಗಿ, ಮತ್ತೆ ಕತ್ತಲಿಗೆ ಹೋಗುತ್ತದೆ. ದಾಟುವಾಗಲೇ ಅವಳ ಮಡಕೆಯನ್ನು ನಾನು ಅವಳಿಗೆ ಮುಟ್ಟಿಸಬೇಕು. ದೂರ ಇದ್ದಾಗ ಅವಳ ದನಿ ಒಲೆಯವರೆಗೆ ಕೇಳುವುದಿಲ್ಲ ಅಂತ ಅವಳ ಪಾಲಿನ "ಓ" ಕೂಡ ನಾನೇ ಅನ್ನುತ್ತಿದ್ದೆ.

ಅವಳು ಒಬ್ಬಳೇ ನಡೆಯುವುದಿಲ್ಲ. ಜೊತೆಗೊಬ್ಬ ಇದ್ದಾನೆ. ಇಬ್ಬರೂ ಎದುರುಬದುರಾಗಿ, ಎರಡು ಕೈಯಲ್ಲೂ ಕೈ ಹಿಡಿದು, ಒಬ್ಬರನ್ನೊಬ್ಬರು ಸುತ್ತುತ್ತಾ ಒಲೆಯನ್ನೂ ಸುತ್ತುತ್ತಾರೆ. ಮಕ್ಕಳು ಕೈ ಹಿಡಿದು ಗಿರಗಿರನೆ ತಿರುಗುತ್ತಾರಲ್ಲ, ಹಾಗೆ. ಇವರದು ಬಹಳ ನಿಧಾನ. ಅವನು ಅವಳನ್ನು ಸುತ್ತುತ್ತಾನೋ ಅವಳು ಅವನನ್ನು ಸುತ್ತುತ್ತಾಳೋ ಹೇಳೋಕೆ ಬರುವುದಿಲ್ಲ. ಇಬ್ಬರ ನಡುವೆ ಒಂದು ಖಾಲಿ ಜಾಗ ಇದೆ, ಇಬ್ಬರೂ ಅದನ್ನು ಸುತ್ತುತ್ತಾರೆ. ಒಬ್ಬರ ಮುಖ ಇನ್ನೊಬ್ಬರಿಂದ ಆಚೆ ತಿರುಗಿದ್ದನ್ನು ನಾನು ಕಂಡಿಲ್ಲ. ಮಡಕೆಯನ್ನು ಹಗ್ಗ ಕಟ್ಟಿ ಅವಳ ಕೊರಳಿಗೆ ಹಾಕುತ್ತಿದ್ದೆ, ಅದು ಆ ಖಾಲಿ ಜಾಗಕ್ಕೆ ಜೋತುಬಿದ್ದು ಇಬ್ಬರಿಗೂ ಬಿಸಿ ಕೊಡುತ್ತಿತ್ತು. ನಮಗೆಲ್ಲ ಕೈಯಲ್ಲೊಂದು ಪೊರಕೆ ಇರುತ್ತದೆ, ಕಾಲಿಗೆ ಕಲ್ಲು ಮಣ್ಣು ಸಿಗದ ಹಾಗೆ ಹಾದಿ ಗುಡಿಸಿಕೊಳ್ಳುವುದು ಹಿಂದಿನಿಂದ ಬಂದ ಪದ್ಧತಿ. ಇವರಿಬ್ಬರಿಗೆ ಪೊರಕೆ ಇಲ್ಲ. ಕೈ ಬಿಡುವಿದ್ದರೆ ತಾನೆ?

ನನಗೆ ಅವರನ್ನು ಕಂಡರೆ ಅಕ್ಕರೆ. ಮುಚ್ಚುಮರೆ ಯಾಕೆ, ನನ್ನ ಹಾದಿಯಲ್ಲಿ ನಾನು ಮಾತಾಡಿದ್ದು ಅಂತ ಇದ್ದರೆ ಅವರ ಜೊತೆಗೇ. ಏಳನೆಯವನು ಒಬ್ಬ ಇದ್ದಾನೆ ಈಚೆ ಕಡೆ, ಮಗ್ಗುಲಿಗೆ ಮಲಗಿಕೊಂಡ ಹಾಗೆ ಉರುಳುತ್ತಾ ಹೋಗುವವನು. ಅವನ ಬಾಯಿಂದ ಮಾತು ಹೊರಡಬೇಕಾದರೆ ಹಲ್ಲು ಕೀಳಬೇಕು.

ಹೀಗಿರುವಾಗ ಕತ್ತಲಿನಿಂದ ಒಬ್ಬಳು ಬಂದಳು.

ಕಡೆಯ ಸುತ್ತಿನವಳು ಆಗ ದೂರ ಇದ್ದಳು. ಬಂದವಳು ಅವಳಿಗಿಂತ ತುಸು ಭಾರವಾದ ಹೆಂಗಸು, ಸೊಂಟದಲ್ಲಿ ಒಂದು ಕೂಸು. ತುಟಿ ನೀಲಿಗಟ್ಟಿತ್ತು. ಮಾತು ಒಂದೊಂದೇ ಬರುತ್ತಿತ್ತು.

"ತಾಯಿ, ನಾನೂ ಈ ಒಲೆಯನ್ನೇ ಸುತ್ತೋದು" ಅಂದಳು. "ನನಗೊಂದು ಮಡಕೆ ಕೊಡಿಸಿ."

"ಕೊಡೋದು ನನ್ನ ಕೈಯಲ್ಲಿಲ್ಲ ಕಣಮ್ಮ. ನಿನ್ನನ್ನ ಕೂಗಬೇಕು."

"ಒಂಬತ್ತನೆಯವಳನ್ನ ಕೂಗ್ತಾರೆ. ನಾನು ಅವಳಿಗಿಂತ ಏನು ಕಡಿಮೆ? ನನ್ನನ್ನ ಕೂಗಲಿ. ನನ್ನ ಹಿಂದೆ ಇನ್ನೂ ಇದ್ದಾರೆ, ಅವರನ್ನೂ ಕೂಗಲಿ."

ಅವಳು ಕೇಳಿದ್ದರಲ್ಲಿ ಏನು ತಪ್ಪು? ನಾನು ಅದನ್ನು ಏಳನೆಯವನಿಗೆ ಹೇಳಿದೆ, ಅವನು ಆರನೆಯವನಿಗೆ, ಹಾಗೇ ಒಳಕ್ಕೆ ದಾಟಿ ಒಲೆಯವರೆಗೆ ಹೋಯಿತು. ಊರು ಗಡಗಡ ನಡುಗಿತು. ಹತ್ತನೆಯದು, ಹನ್ನೊಂದನೆಯದು, ಇಪ್ಪತ್ತನೆಯದು ಅಂತ ಕೂಗುತ್ತಾ ಹೋದರೆ ಒಲೆಯಲ್ಲಿ ಏನು ಉಳಿಯುತ್ತದೆ ಅಂತ ಎಲ್ಲರ ಎದೆಯಲ್ಲೂ ಒಂದೇ ದಿಗಿಲು. ಹಾಗಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. "ಸುತ್ತಿನವರು ಅಂದರೆ ಯಾರು ಅಂತ ನಾವು ಇದುವರೆಗೆ ವಿಚಾರವನ್ನೇ ಮಾಡಿಲ್ಲವಲ್ಲ" ಅಂದರು. ಸಭೆ ಸೇರಿಸಿದರು.

ನಮ್ಮಲ್ಲಿ ಸಭೆ ಅಂದರೆ ಕೂತು ಮಾಡುವುದಲ್ಲ. ನಡೆಯುತ್ತಲೇ ಮಾತಾಡಬೇಕು. ಒಲೆಯ ಈ ಕಡೆ ಇರುವವರ ಮಾತು ಆ ಕಡೆ ಇರುವವರಿಗೆ ಕೇಳುವುದಿಲ್ಲ, ನಡುವೆ ಬೆಂಕಿಯ ಸದ್ದು. ಒಂಬತ್ತನೆಯವಳ ವಿಷಯವೂ ಅದರಲ್ಲೇ ಬರುತ್ತಿತ್ತು, ಅವಳೋ ಆ ಹೊತ್ತಿನಲ್ಲಿ ಆ ಕಡೆಯ ಕತ್ತಲಲ್ಲಿದ್ದಳು. ಅವಳು ಬರಲಿ, ಆಮೇಲೆ ಮಾತಾಡೋಣ ಅಂತ ನಾನು ಕೂಗಿದೆ. ಅಳತೆಯಯ್ಯ ಕೊಳವೆಯನ್ನು ನನ್ನ ಕಡೆ ತಿರುಗಿಸಿ, "ಅವಳು ಬರೋವರೆಗೆ ಕಾಯೋದಾದರೆ ನಮ್ಮ ಮೊಮ್ಮಕ್ಕಳು ಸಭೆ ಮಾಡಬೇಕಾಗ್ತದೆ" ಅಂದ. ಒಳಗಿನವರು ನಕ್ಕರು.

ಅಳತೆಯಯ್ಯ ಶುರು ಮಾಡಿದ. "ಸುತ್ತಿನವರು ಅನ್ನಿಸಿಕೊಳ್ಳಬೇಕಾದರೆ ಒಲೆಯನ್ನು ಸುತ್ತಬೇಕು."

"ಧೂಳೂ ಸುತ್ತುತ್ತದೆ" ಅಂದಳು ಎರಡನೆಯವಳು, ಮುಖದ ಮೇಲೆ ಸೆರಗು ಎಳೆದುಕೊಳ್ಳುತ್ತಾ. ಅವಳ ಮುಖವನ್ನು ನಾವು ಯಾರೂ ನೋಡಿಲ್ಲ.

"ಸರಿ. ತನ್ನ ಭಾರಕ್ಕೆ ತಾನೇ ಮೈ ತುಂಬಿಕೊಂಡು ಗುಂಡಗೆ ಆಗಿರಬೇಕು. ಮುರುಕು ಚೂರುಗಳು ಲೆಕ್ಕಕ್ಕಿಲ್ಲ."

"ಅವಳು ಗುಂಡಗೇ ಇದ್ದಾಳೆ" ಅಂದೆ ನಾನು. "ಕತ್ತಲಿನಿಂದ ಬಂದವಳೂ ಗುಂಡಗಿದ್ದಾಳೆ."

ಎರಡು ಮಾತಿನಿಂದಲೂ ಕೆಲಸ ಕೆಡುತ್ತಿತ್ತು. ಒಂದನ್ನು ಒಪ್ಪಿದರೆ ಧೂಳನ್ನೂ ಕೂಗಬೇಕು, ಇನ್ನೊಂದನ್ನು ಒಪ್ಪಿದರೆ ಕತ್ತಲನ್ನೆಲ್ಲ ಕೂಗಬೇಕು. ಆಗ ಐದನೆಯ ಸುತ್ತಿನ ದೊಡ್ಡಯ್ಯ ಗಂಟಲು ಸರಿಮಾಡಿಕೊಂಡ. ಅವನು ನಮ್ಮೆಲ್ಲರನ್ನು ಕೂಡಿಸಿದರೂ ನಮಗಿಂತ ದೊಡ್ಡವನು. ಸುತ್ತಲೂ ಆಳುಕಾಳು ತಿರುಗುತ್ತಲೇ ಇರುತ್ತಾರೆ. "ಹಾದಿ ಗುಡಿಸಿದವರು ಸುತ್ತಿನವರು" ಅಂದ. "ತಮ್ಮ ಹಾದಿಯಲ್ಲಿ ಇನ್ನೊಬ್ಬರನ್ನು ಉಳಿಸಿಕೊಂಡವರು ಅಲ್ಲ."

ಎಲ್ಲರೂ ತಮ್ಮ ತಮ್ಮ ಪೊರಕೆಯನ್ನು ನೋಡಿಕೊಂಡರು. ಅವರ ಮುಖದಲ್ಲಿ ಆಗ ಮೂಡಿದ ಸಮಾಧಾನ ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಕಾಲಿಗೆ ಕಲ್ಲು ಚುಚ್ಚದಿರಲಿ ಅಂತ ಗುಡಿಸುತ್ತಿದ್ದವರು ನಾವು, ಒಂದು ಮಾತಿನಲ್ಲಿ ದೊಡ್ಡ ಮನುಷ್ಯರಾಗಿಬಿಟ್ಟೆವು.

ನಾನು ಬಿಡಲಿಲ್ಲ. "ದೊಡ್ಡಯ್ಯ, ನಿಮ್ಮ ಹಾದಿಯಲ್ಲಿ ನಿಮ್ಮ ಮುಂದೊಂದು ಗುಂಪು, ಹಿಂದೊಂದು ಗುಂಪು ನಡೀತಾ ಇದೆಯಲ್ಲ, ಅದೇನು ಮತ್ತೆ?"

"ಅವರು ನನ್ನ ಹಿಡಿತದಲ್ಲಿದ್ದಾರೆ. ಗುಡಿಸಿದ ಹಾಗೇ ಲೆಕ್ಕ."

"ಹಾಗಾದರೆ ನನ್ನ ಹಾದಿ? ಒಂಬತ್ತನೆಯವಳು ನನ್ನ ಹಾದಿಯನ್ನು ದಾಟುತ್ತಾಳೆ. ನಾನು ಅವಳನ್ನು ಗುಡಿಸಿ ಹಾಕಿಲ್ಲ. ನನ್ನನ್ನೂ ಕೂಗಬೇಡಿ ಮತ್ತೆ."

ಅಳತೆಯಯ್ಯ ಕೊಳವೆಯನ್ನು ಒರೆಸಿಕೊಂಡ. "ನಿಮ್ಮ ಹಾದಿ ಗುಡಿಸಿದ್ದು. ಗುಡಿಸಿದ ಹಾದಿಯಲ್ಲಿ ಯಾರೂ ಇರೋದಿಲ್ಲ. ಆದ್ದರಿಂದ ಅವಳು ನಿಮ್ಮ ಹಾದಿಯಲ್ಲಿ ಇಲ್ಲ."

"ನಾನು ಕಣ್ಣಾರೆ ನೋಡ್ತೀನಲ್ಲ ಸ್ವಾಮಿ."

"ನೋಡೋದು ಬೇರೆ, ಲೆಕ್ಕ ಬೇರೆ."

ಗೋಡೆಗೆ ತಲೆ ಚಚ್ಚಿಕೊಂಡ ಹಾಗಾಯಿತು. ಈ ಕಡೆ ಇದ್ದವರೆಲ್ಲ ಒಪ್ಪಿಗೆ ಅಂತ ಪೊರಕೆ ಮೇಲೆತ್ತಿದರು. ಏಳನೆಯವನೂ ಎತ್ತಿದ. ನಾನು ಎತ್ತಲಿಲ್ಲ, ಅದರಿಂದ ಏನೂ ಆಗಲಿಲ್ಲ. ಕೂಗುವಯ್ಯ ತೀರ್ಮಾನ ಸಾರಿದ. ಸುತ್ತು ಎಂಟೇ. ಒಂಬತ್ತನೆಯದನ್ನು ಇನ್ನು ಕೂಗುವುದಿಲ್ಲ. ಅವಳು ಹಾದಿ ಗುಡಿಸಿ ತೋರಿಸಿದರೆ ಮತ್ತೆ ಕೂಗುವುದು. ಇಲ್ಲವೇ ಜೊತೆಗಿರುವವನು ತನ್ನ ಆಳು, ತನ್ನನ್ನು ಸುತ್ತುವವನು ಅಂತ ಹೇಳಲಿ, ಆಳು ಇದ್ದರೆ ದೋಷವಿಲ್ಲ. ಕೂಗದವರಿಗೆ ಕೆಂಡ ಕೊಟ್ಟವರನ್ನೂ ಕೂಗುವುದಿಲ್ಲ.

ಕತ್ತಲಿನಿಂದ ಬಂದವಳಿಗೆ ನಾನೇ ಹೇಳಬೇಕಾಯಿತು. ಅವಳು ಕೇಳಿಸಿಕೊಂಡಳೋ ಇಲ್ಲವೋ. ಕೂಸನ್ನು ಸೊಂಟದಲ್ಲಿ ಸರಿಮಾಡಿಕೊಂಡು ಹಾಗೇ ಹೊರಟುಹೋದಳು. ನಡೆಯುವುದನ್ನು ಬಿಟ್ಟು ಅವಳು ಬೇರೆ ಏನು ತಾನೆ ಮಾಡಿಯಾಳು?

ಅಲ್ಲಿಂದ ಮುಂದೆ ನನ್ನೊಬ್ಬಳ ಪಾಲಿನ "ಓ" ಮಾತ್ರ ಅನ್ನುತ್ತಾ ನಾನು ನಡೆದೆ. ಕಾಲು ಮುಂದೆ ಹೋದಷ್ಟೂ ಆ ದಾಟುವ ಜಾಗ ಹತ್ತಿರ ಬರುತ್ತಿತ್ತು. ಬೇಡ ಅಂದರೂ ಬರುತ್ತಿತ್ತು. ಒಂದು ಸಲ ನಿಂತುಬಿಟ್ಟರೆ ಆ ಮಾತನ್ನು ಹೇಳುವುದು ತಪ್ಪುತ್ತದಲ್ಲ ಅಂತ ನೆಲಕ್ಕೆ ಕಾಲೂರಿ ಹಟ ಹಿಡಿದೆ. ನೆಲವೇ ನನ್ನನ್ನು ಹೊತ್ತುಕೊಂಡು ಹೋಯಿತು.

ಬಂದರು. ಅದೇ ತಿರುಗುವಿಕೆ, ಅದೇ ಕೈ. ಅವಳ ಕೊರಳ ಮಡಕೆಯಲ್ಲಿ ಬೂದಿ ಮಾತ್ರ ಉಳಿದಿತ್ತು. ಇಬ್ಬರ ಬೆರಳ ತುದಿಯೂ ಬೆಳ್ಳಗಾಗಿತ್ತು.

"ದೊಡ್ಡಮ್ಮ, ಈ ಸಲ ಚಳಿ ಬಹಳ" ಅಂದಳು ನಗುತ್ತಾ. "ಬೇಗ ಕೊಡಿ. ಇವನು ನನ್ನ ಮುಖ ನೋಡಿ, ನೀನು ಯಾರು ಅಂತ ಕೇಳಿದ. ತಮಾಷೆಗೆ ಕೇಳಿದೆ ಅಂತಾನೆ."

"ತಮಾಷೆಗೇ ಕೇಳಿದ್ದು" ಅಂದ ಜೊತೆಯವನು.

ನಾನು ಹೇಳಿದೆ. ಕೆಂಡ ಕೊಟ್ಟವರ ಮಾತೊಂದನ್ನು ಬಿಟ್ಟು, ಇದ್ದದ್ದು ಇದ್ದ ಹಾಗೇ ಎಲ್ಲ ಹೇಳಿದೆ.

"ನನ್ನನ್ನ ಕೂಗೋದಿಲ್ಲ ಅಂದರೆ, ನಾನಿನ್ನು ನಿಲ್ಲಬಹುದಾ?" ಅಂತ ಕೇಳಿದಳು.

"ಇಲ್ಲ ಕಣೇ."

"ಈ ಒಲೆ ನನ್ನದಲ್ಲವಂತೆ. ಮತ್ತೆ ಯಾಕೆ ಸುತ್ತಬೇಕು?"

"ಅದನ್ನ ಅಳತೆಯಯ್ಯ ಹೇಳಲಿಲ್ಲ."

ಜೊತೆಯವನು ಅವಳ ಮುಖವನ್ನೇ ನೋಡುತ್ತಾ ಅಂದ, "ಹೇಳಿಬಿಡು. ಆಳು ಅಂತ ಹೇಳು. ನನಗೇನೂ ಬೇಜಾರಿಲ್ಲ. ನಿನ್ನ ಮುಖ ಮರೆತು ಜೊತೆಯವನು ಅನ್ನಿಸಿಕೊಳ್ಳೋದಕ್ಕಿಂತ ಆಳಾಗಿ ನಿನ್ನನ್ನ ನೋಡ್ತಾ ಇರ್ತೀನಿ."

ಅವಳು ಒಪ್ಪಲಿಲ್ಲ. ನಾನು ಬೈದೆ. ಒಂದು ಮಾತಿಗೆ ಯಾಕಿಷ್ಟು ಬಿಗುಮಾನ ಅಂದೆ. ಇವನ ಬೆರಳು ನೋಡು ಅಂದೆ. ಬೆರಳು ನೋಡಿದಳು. ಆಮೇಲೆ ಒಲೆಯ ಕಡೆಗೆ ದನಿ ಎತ್ತಿ, "ಇವನು ನನ್ನ ಆಳು" ಅಂದಳು. ಅಷ್ಟು ಹೇಳೋಕೆ ಅವಳಿಗೆ ಎಷ್ಟು ಕಷ್ಟವಾಯಿತು ಅಂತ ನಾನು ನೋಡಿದ್ದೇನೆ. ಮಾತು ಹಾದಿಯಿಂದ ಹಾದಿಗೆ ದಾಟಿ ಒಳಗೆ ಹೋಯಿತು. ಅಳತೆಯಯ್ಯ ಕೊಳವೆ ಹಿಡಿದು ನೋಡಿದ. ಉತ್ತರ ಅದೇ ದಾರಿಯಲ್ಲಿ ಬಂತು, ಏಳನೆಯವನ ಬಾಯಿಂದ.

"ಆಳು ಸುತ್ತುವಾಗ ಯಜಮಾನಿ ತನ್ನ ಜಾಗದಲ್ಲಿರಬೇಕು. ಅವಳೂ ಸುತ್ತುತ್ತಿದ್ದಾಳೆ. ಸುಳ್ಳು."

ಅವಳು ತನ್ನ ಕಾಲನ್ನು ನೋಡಿಕೊಂಡಳು. ಮೈ ಬಿಗಿಹಿಡಿದು ಅವನೊಬ್ಬನೇ ಸುತ್ತುವ ಹಾಗೆ ಮಾಡೋಕೆ ಹೋದಳು. ಆಗಲಿಲ್ಲ. ಅವನು ಒಂದು ಹೆಜ್ಜೆ ಆ ಕಡೆ ಇಟ್ಟರೆ ಅವಳ ಕಾಲು ತಾನಾಗೇ ಈ ಕಡೆ ಹೋಗುತ್ತಿತ್ತು. ಸುಳ್ಳು ಹೇಳಿಯೂ ಬದುಕುವ ಹಾಗಿಲ್ಲವಲ್ಲ ಅಂತ ನನಗೆ ಅಳು ಬಂತು.

"ಹಾಗಾದರೆ ನಾನೇ ಬಿಡ್ತೀನಿ" ಅಂದ ಜೊತೆಯವನು. ಅವಳು ಬೇಡ ಅನ್ನುವುದರೊಳಗೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡ. "ದೊಡ್ಡಮ್ಮ, ಇವಳಿಗೆ ನಿಮ್ಮ ಪೊರಕೆ ಕೊಡಿ."

ಕೈ ಬಿಟ್ಟವು. ಆದರೆ ಅವರು ದೂರವಾಗಲಿಲ್ಲ. ಅಷ್ಟೇ ಅಂತರದಲ್ಲಿ, ಅಷ್ಟೇ ನಿಧಾನವಾಗಿ, ಎದುರುಬದುರಾಗಿ ತಿರುಗುತ್ತಲೇ ಇದ್ದರು. ಇಷ್ಟು ಕಾಲ ಅವರನ್ನು ಹಿಡಿದಿದ್ದು ಕೈಯಲ್ಲ ಅಂತ ಅವರಿಗೂ ಅವತ್ತೇ ಗೊತ್ತಾದದ್ದು. ಅವಳ ಬರಿಗೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ನಾನು ಆ ಕೈಗೆ ಪೊರಕೆ ಕೊಟ್ಟೆ.

ಗುಡಿಸಿದಳು. ಪೊರಕೆ ಹಿಡಿದು ಗೊತ್ತಿಲ್ಲದವಳು, ಆದರೂ ಗುಡಿಸಿದಳು. ಹಾದಿಯ ಕಲ್ಲು, ಹಿಮದ ಚೂರು, ಯಾವ ಕಾಲದ್ದೋ ಧೂಳು ಎಲ್ಲ ಬದಿಗೆ ಹೋಯಿತು. ಗುಡಿಸಿ ಸೊಂಟ ನೆಟ್ಟಗೆ ಮಾಡಿಕೊಂಡು, "ಆಯ್ತಾ ಕೇಳಿ" ಅಂದಳು.

ಕೇಳಿದೆ. ಉತ್ತರ ಬಂತು. ಏಳನೆಯವನು ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

"ಹಾದಿಯಲ್ಲಿ ಇನ್ನೂ ಒಬ್ಬ ಇದ್ದಾನಂತೆ."

ಅವಳು ಪೊರಕೆಯನ್ನು ನೋಡಿದಳು, ಅವನ ಪಾದವನ್ನು ನೋಡಿದಳು. ಅವನು ಕಣ್ಣು ಮುಚ್ಚಿಕೊಂಡು, "ಗುಡಿಸು" ಅಂದ. ಅವಳು ಪೊರಕೆಯನ್ನು ನನ್ನ ಕೈಗೆ ವಾಪಸ್ಸು ಕೊಟ್ಟು, ಅವನ ಎರಡೂ ಕೈಯನ್ನು ಮೊದಲಿನ ಹಾಗೆ ಹಿಡಿದುಕೊಂಡಳು.

"ದೊಡ್ಡಮ್ಮ, ಇನ್ನೇನೂ ಕೇಳಬೇಡಿ ಅವರನ್ನ" ಅಂದಳು. "ನಾವು ಬರ್ತೀವಿ."

ಹಾದಿಗಳು ಆಗಲೇ ಬೇರೆಯಾಗುತ್ತಿದ್ದವು. ನನ್ನ ಎದೆಯಲ್ಲಿ ನನ್ನ ಮಡಕೆ ಬೆಚ್ಚಗಿತ್ತು. ಯೋಚನೆ ಮಾಡಿದೆ, ಮಾಡಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ನಾಲ್ಕು ಐದರ ನಡುವಿನ ಆ ಮಡಕೆ ಇಲ್ಲದ ಹೆಂಗಸು ಕಣ್ಣ ಮುಂದೆ ಬಂದಳು, ಅವಳ ಮುಖದಲ್ಲಿ ಏನೂ ಇಲ್ಲದಿರುವುದು ಬಂತು. ನನಗೆ ಭಯವಾಯಿತು. ಭಯಪಟ್ಟುಕೊಂಡೇ ಮಡಕೆ ಎತ್ತಿ ಅವಳ ಕೊರಳ ಮಡಕೆಗೆ ಬಗ್ಗಿಸಿದೆ. ಬೂದಿ ಮೊದಲು ಬಿತ್ತು, ಆಮೇಲೆ ಕೆಂಡ, ಕೊನೆಯದನ್ನು ಕೈಯಿಂದಲೇ ಕೆರೆದು ಹಾಕಿದೆ. ಇಬ್ಬರ ಮುಖವೂ ಕೆಂಪಗೆ ಕಂಡಿತು.

"ನಿಮಗೆ?" ಅಂದಳು.

"ನನ್ನನ್ನ ಕೂಗ್ತಾರಲ್ಲ, ನನಗೇನು. ಮೇಲೆ ಬೂದಿ ಮುಚ್ಚು. ಕೆದಕಬೇಡ. ಹೋಗು."

ಹೋದರು. ಆ ಕೆಂಪು ಬಹಳ ಹೊತ್ತು ಕಾಣಿಸುತ್ತಿತ್ತು.

ಮುಂದಿನ ಕರೆಯಲ್ಲಿ ಕೂಗುವಯ್ಯ ಏಳರವರೆಗೆ ಕೂಗಿ ಕೂತುಕೊಂಡ. ಕೊಳವೆಗೆ ಎಲ್ಲ ಕಾಣುತ್ತದೆ. ಏಳನೆಯವನು ತನ್ನ ಮಡಕೆಗೆ ಪಂಚೆಯ ಚುಂಗು ಮುಚ್ಚಿಕೊಂಡು ನನ್ನ ಪಕ್ಕದಲ್ಲಿ ಹಾದುಹೋದ. ಅವನನ್ನು ಬೈಯಲಿಲ್ಲ. ಈಗ ಊರಿನಲ್ಲಿ ಸುತ್ತಿನವರು ಏಳೇ ಜನವಂತೆ, ಅದಕ್ಕೂ ಏನೋ ಒಂದು ಕಾರಣ ಹುಡುಕಿರುತ್ತಾರೆ. ನಾನು ಕೇಳಿಲ್ಲ.

ನನ್ನ ಬೆರಳು ಆಗಲೇ ತಣ್ಣಗಾಗಿದೆ. ಮಾತು ಇನ್ನೂ ಇದೆ, ಅದಕ್ಕೇ ಇಷ್ಟನ್ನೂ ನಿಮಗೆ ಹೇಳಿದ್ದು. ಅವರು ಒಂದು ಸುತ್ತು ಮುಗಿಸಿ ಈ ಕಡೆ ಬರುವ ಹೊತ್ತಿಗೆ ನನಗೆ ಅವರ ಗುರುತು ಸಿಗುವುದಿಲ್ಲ. ಅವರಿಗೂ ನನ್ನ ಗುರುತು ಸಿಗದೆ ಹೋಗಬಹುದು, ಒಂದು ಮಡಕೆ ಕೆಂಡ ಎಷ್ಟು ದೂರ ಬಂದೀತು? ಮೂವರೂ ಒಬ್ಬರನ್ನೊಬ್ಬರು ದಾಟಿಕೊಂಡು ಸುಮ್ಮನೆ ಹೋಗಿಬಿಡುತ್ತೇವೆ. ಆ ಹೊತ್ತಿನಲ್ಲಿ ನಿಮ್ಮಲ್ಲಿ ಯಾರಾದರೂ ಇಲ್ಲಿದ್ದರೆ ನನ್ನ ಭುಜ ಹಿಡಿದು ಅಲ್ಲಾಡಿಸಿ, ಅಗೋ ಅವರು ಅಂತ ಹೇಳಿ. ನಾನು ತಿರುಗಿ ನೋಡದಿದ್ದರೆ ಇನ್ನೊಂದು ಸಲ ಹೇಳಿ.